ಎತ್ತಿನ ಗಾಡಿಯಲ್ಲಿ ಒರೆಗಾನ್‌ಗೆ: ಮಕ್ಕಳ ಜೊತೆ ಕೂತು ಆನ್‌ಲೈನ್‌ನಲ್ಲಿ ಹುಡುಕಿ ಕಲಿಯೋದು ಹೇಗೆ

ನಾಲ್ಕನೇ ಕ್ಲಾಸಿನ ಮಗಳು ಒಂದು ಸಂಜೆ ಬ್ಯಾಗಿನಿಂದ ಮಡಚಿದ ಹಾಳೆ ತೆಗೆದು ಕೊಟ್ಟಳು. ಒರೆಗಾನ್ ಟ್ರೇಲ್ ಬಗ್ಗೆ ಆನ್‌ಲೈನ್‌ನಲ್ಲಿ ಹುಡುಕಬೇಕು, ಕ್ಲಾಸಿನಲ್ಲಿ ಐದು ನಿಮಿಷ ಮಾತಾಡಬೇಕು. ಒರೆಗಾನ್ ಟ್ರೇಲ್ ಅಂದರೆ ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ವಲಸಿಗರು ಗಾಡಿ ಹೂಡಿಕೊಂಡು ಪಶ್ಚಿಮಕ್ಕೆ ಹೋದ ದಾರಿ. ನಾವಿರುವುದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಕ್ಕದಲ್ಲೇ. ಆ ದಾರಿ ಮುಗಿಯುವ ಊರು ನಮ್ಮ ಮನೆಗೆ ಹತ್ತಿರ. ಆದರೂ ನನಗೆ ಗೊತ್ತಿದ್ದದ್ದು ಸೊನ್ನೆ. ತಿಪಟೂರಿನ ಸ್ಕೂಲಿನಲ್ಲಿ ನಾವು ಓದಿದ ಚರಿತ್ರೆಯೇ ಬೇರೆ.

ಮೊದಲ ಸಲ ಪೂರ್ತಿ ಎಡವಿದೆ. 'ಮಕ್ಕಳಿಗಾಗಿ ಒರೆಗಾನ್ ಟ್ರೇಲ್' ಅಂತ ಹುಡುಕಿ, ಮೇಲೆ ಬಂದ ನಾಲ್ಕು ಪುಟ ಪ್ರಿಂಟ್ ತೆಗೆದೆ. ಅವಳು ಹಳದಿ ಪೆನ್ನಿನಲ್ಲಿ ಸಾಲು ಸಾಲಾಗಿ ಗೀಟು ಎಳೆದಳು. ಎರಡು ದಿನ ಬಿಟ್ಟು ಕೇಳಿದರೆ ನೆನಪಿದ್ದದ್ದು ಒಂದೇ ಮಾತು: 'ತುಂಬಾ ಜನ ಸತ್ತೋದ್ರು.' ಎಲ್ಲಾ ಬಿಟ್ಟು ಮತ್ತೆ ಶುರು ಮಾಡಿದೆವು. ಆ ಎರಡನೇ ಸಲ ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಸರಿಹೋಗುತ್ತದೆ. ನಾಲ್ಕೈದು ವಾರಾಂತ್ಯ ಬೇಕು, ಅಷ್ಟೆ.

ಹೆಜ್ಜೆ 1: ಮಗುವಿಗಿಂತ ಮುಂಚೆ ನೀವು ಅರ್ಧ ಗಂಟೆ ಓದಿಕೊಳ್ಳಿ

ಇಷ್ಟು ಗೊತ್ತಿದ್ದರೆ ಶುರು ಮಾಡಬಹುದು. ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿನಿಂದ ಪೆಸಿಫಿಕ್ ಕಡೆಯ ಒರೆಗಾನ್ ಸಿಟಿವರೆಗೆ ಸುಮಾರು 2,170 ಮೈಲಿ. ಅಂದರೆ 3,500 ಕಿಲೋಮೀಟರಿಗೆ ಹತ್ತಿರ. ದಿನಕ್ಕೆ 15 ಮೈಲಿ ಸಾಗಿದರೆ ಒಳ್ಳೆಯ ದಿನ. ಒಟ್ಟು ನಾಲ್ಕರಿಂದ ಆರು ತಿಂಗಳು. 1843ರಲ್ಲಿ ಸಾವಿರದ ಹತ್ತಿರ ಜನ ಒಟ್ಟಾಗಿ ಹೊರಟರು, ಆಮೇಲೆ ವರ್ಷವರ್ಷವೂ ಗಾಡಿಗಳ ಸಾಲು. 1869ರ ಮೇ 10ರಂದು ಯೂಟಾದಲ್ಲಿ ಪೂರ್ವ ಪಶ್ಚಿಮದ ರೈಲು ಹಳಿ ಕೂಡಿತು. ಅಲ್ಲಿಂದ ಗಾಡಿ ದಾರಿಯ ಕಾಲ ಇಳಿಯಿತು.

ಯಾಕೆ ಹೋದರು? 1837ರಲ್ಲಿ ಬ್ಯಾಂಕುಗಳು ಮುಳುಗಿ ರೈತರು ಸಾಲದಲ್ಲಿ ಸಿಕ್ಕಿಕೊಂಡಿದ್ದರು. ಮಿಸಿಸಿಪಿ ಬಯಲಲ್ಲಿ ಮಲೇರಿಯಾ ಕಾಟ ಇತ್ತು. ಎಲ್ಲಕ್ಕಿಂತ ದೊಡ್ಡ ಆಸೆ ಜಮೀನಿನದು. 1850ರ ಕಾನೂನು ಒರೆಗಾನ್‌ನಲ್ಲಿ ನೆಲೆಸಿದ ಒಬ್ಬಂಟಿ ಬಿಳಿಯ ಗಂಡಸಿಗೆ 320 ಎಕರೆ, ಗಂಡಹೆಂಡತಿ ಇದ್ದರೆ 640 ಎಕರೆ ಕೊಡುತ್ತಿತ್ತು. ಆ ಎಕರೆಗಳು ಯಾರದ್ದು ಅನ್ನೋದು ಹೆಜ್ಜೆ 6ರಲ್ಲಿ ಬರುತ್ತದೆ.

ಇನ್ನು ಎರಡು ಪದ ನೆನಪಿಡಿ: ಹುಲ್ಲು ಮತ್ತು ಹಿಮ. ಬಯಲಲ್ಲಿ ಹುಲ್ಲು ಚಿಗುರುವ ಮುಂಚೆ ಹೊರಟರೆ ಎತ್ತುಗಳಿಗೆ ಮೇವಿಲ್ಲ. ತಡ ಮಾಡಿದರೆ ಕೊನೆಯ ಬೆಟ್ಟಗಳಲ್ಲಿ ಹಿಮ ಬೀಳುತ್ತದೆ. ಅದಕ್ಕೇ ಎಲ್ಲರೂ ಏಪ್ರಿಲ್, ಮೇ ತಿಂಗಳಲ್ಲೇ ಹೊರಡುತ್ತಿದ್ದರು. ವ್ಯೋಮಿಂಗ್‌ನ ಒಂದು ದೊಡ್ಡ ಬಂಡೆಗೆ ಇಂಡಿಪೆಂಡೆನ್ಸ್ ರಾಕ್ ಅಂತ ಹೆಸರು. ಜುಲೈ 4ರ ಹೊತ್ತಿಗೆ ಅಲ್ಲಿ ತಲುಪಿದರೆ ಟೈಮಿಗೆ ಸರಿಯಾಗಿದ್ದೀವಿ ಅಂತ ಲೆಕ್ಕ.

ಹೆಜ್ಜೆ 2: ಒಂದೇ ಒಂದು ಪ್ರಶ್ನೆ ಆರಿಸಿಕೊಳ್ಳಿ

'ಒರೆಗಾನ್ ಟ್ರೇಲ್' ಅನ್ನೋದು ಸಮುದ್ರ. ಮಗು ಮುಳುಗಿಹೋಗುತ್ತದೆ. ಅದಕ್ಕೆ ನಿಜವಾಗಿ ತಿಳಿಯಬೇಕು ಅನ್ನಿಸುವ ಒಂದು ಸಣ್ಣ ಪ್ರಶ್ನೆ ಸಾಕು. ನನ್ನ ಮಗಳು ಮೊದಲು ಕೇಳಿದ್ದು, 'ಅಮ್ಮಾ, ಅವ್ರು ಒಲೆಗೆ ಏನ್ ಹಾಕ್ತಿದ್ರು? ಅಲ್ಲಿ ಮರಾನೇ ಇಲ್ವಲ್ಲ?'

ಎಷ್ಟು ಒಳ್ಳೆ ಪ್ರಶ್ನೆ ನೋಡಿ. ಪ್ಲ್ಯಾಟ್ ನದಿಯ ಬಯಲಲ್ಲಿ ನಿಜಕ್ಕೂ ಸೌದೆ ಇರಲಿಲ್ಲ. ಒಣಗಿ ಬಿದ್ದ ಬೈಸನ್ ಸಗಣಿಯನ್ನು ಆರಿಸಿ ಉರಿಸುತ್ತಿದ್ದರು. ಆರಿಸುವ ಕೆಲಸ ಹೆಚ್ಚಾಗಿ ಹೆಂಗಸರದು, ಮಕ್ಕಳದು. ಅವಳ ಕ್ಲಾಸಿನ ಮಕ್ಕಳಿಗೆ ಇದು 'ಯಕ್' ಅನ್ನಿಸಿತಂತೆ. ಅಜ್ಜಿ ಮನೆಯ ಹಿತ್ತಲಲ್ಲಿ ಬೆರಣಿ ನೋಡಿದ್ದ ನನ್ನ ಮಗಳಿಗೆ ಏನೂ ಅನ್ನಿಸಲಿಲ್ಲ. (ಚಿತ್ರ ಹುಡುಕುವಾಗ ಎಚ್ಚರ: ಬಂಡೀಪುರದ ಕಾಟಿಯನ್ನೂ ನಾವು ಬೈಸನ್ ಅಂತಲೇ ಕರೆಯುತ್ತೇವೆ. ಅದು ಬೇರೆ ಪ್ರಾಣಿ.)

ಎತ್ತೇ ಯಾಕೆ, ಕುದುರೆ ಯಾಕಲ್ಲ? ನದಿ ದಾಟುವಾಗ ಗಾಡಿ ಏನಾಗುತ್ತಿತ್ತು? ನನ್ನ ವಯಸ್ಸಿನವರು ಇಡೀ ದಿನ ಏನು ಮಾಡುತ್ತಿದ್ದರು? ಇಂಥವು ಸಾಕು. 'ಪಶ್ಚಿಮದ ವಲಸೆಯ ಪರಿಣಾಮಗಳೇನು' ಅಂತ ನೀವೇ ಬರೆದುಕೊಡಬೇಡಿ. ಆ ಪ್ರಶ್ನೆಗೆ ಮಗು ಕಾಪಿ ಪೇಸ್ಟ್ ಮಾಡುತ್ತದೆ, ನೀವಾದರೂ ಅಷ್ಟೇ ಮಾಡ್ತೀರಿ.

ಹೆಜ್ಜೆ 3: ಎಲ್ಲಿ ಹುಡುಕಬೇಕು

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೀಚಿ: ಏನು ಸಿಕ್ಕಿತು, ಯಾರು ಬರೆದರು, ಯಾವಾಗ ಬರೆದರು, ಅವರು ಅಲ್ಲಿದ್ದರಾ. ಕೊನೆಯ ಕಾಲಂ ಮುಖ್ಯ. ಮುಂದೆ ನಮಗೆ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ.

ನಾವು ಬಳಸಿದ್ದು ಐದು ಜಾಗ, ಅಷ್ಟೆ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪುಟಗಳಲ್ಲಿ ದಾರಿಯ ನಕ್ಷೆಗಳೂ ಒಂದೊಂದು ಜಾಗದ ವಿವರವೂ ಇವೆ. ಹಳೆಯ ಚಿತ್ರ, ನಕ್ಷೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್. ಆ ಕಾಲದ ಪುಸ್ತಕಗಳಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಮತ್ತು ಇಂಟರ್ನೆಟ್ ಆರ್ಕೈವ್. ವ್ಯಕ್ತಿಗಳ ಬಗ್ಗೆ ಒರೆಗಾನ್ ಎನ್‌ಸೈಕ್ಲೋಪೀಡಿಯ. ಎಲ್ಲವೂ ಫ್ರೀ.

ಹುಡುಕುವ ಮಗುವಿಗೆ ಒಂದೆರಡು ಉಪಾಯ ಹೇಳಿಕೊಡಿ. ಎರಡು ಮೂರು ಪದ ಜೊತೆಯಾಗೇ ಬೇಕಿದ್ದರೆ ಅವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. 'ಡೈರಿ' ಅಂತ ಸೇರಿಸಿ, ಜೊತೆಗೆ ಒಂದು ಇಸವಿ ಹಾಕಿದರೆ ಫಲಿತಾಂಶವೇ ಬದಲಾಗುತ್ತದೆ. '1853 ಡೈರಿ ಪ್ಲ್ಯಾಟ್ ನದಿ' ಅಂತ ಇಂಗ್ಲಿಷಿನಲ್ಲಿ ಹಾಕಿ ನೋಡಿ, ವರ್ಕ್‌ಶೀಟ್ ಮಾರುವ ಸೈಟುಗಳು ಕೆಳಗೆ ಇಳಿಯುತ್ತವೆ.

ಇಲ್ಲಿ ಒಂದು ಎಡವಟ್ಟು ಹೇಳಲೇಬೇಕು. ಮಗಳು ನನಗೆ ಕಾಣದ ಹಾಗೆ ಒಂದು ಎಐ ಚಾಟ್‌ಬಾಟನ್ನು ಕೇಳಿದ್ದಳು. ಅದು ಯಾವುದೋ ಹುಡುಗಿಯ ಡೈರಿಯಿಂದ ಅಂತ ಎರಡು ಸಾಲು ಕೊಟ್ಟಿತ್ತು. ಓದಲು ಸೊಗಸಾಗಿತ್ತು. ಆ ಡೈರಿಯನ್ನು ಒಂದು ಗಂಟೆ ಹುಡುಕಿದೆವು, ಎಲ್ಲೂ ಇಲ್ಲ. ಅವತ್ತಿನಿಂದ ಮನೆಯಲ್ಲಿ ಒಂದು ರೂಲ್: ಪುಟ ತೆರೆದು ಕಣ್ಣಾರೆ ನೋಡದ ಮಾತು ನೋಟ್‌ಬುಕ್ಕಿಗೆ ಹೋಗಬಾರದು.

ಸಂಖ್ಯೆಗಳಲ್ಲೂ ಇದೇ ತಕರಾರು. ಒಟ್ಟು ಎಷ್ಟು ಜನ ಹೋದರು? ಒಂದು ಕಡೆ 3 ಲಕ್ಷ, ಇನ್ನೊಂದು ಕಡೆ 4, ಮತ್ತೊಂದು ಕಡೆ 5 ಲಕ್ಷ. ಮಗಳಿಗೆ ಸಿಟ್ಟೇ ಬಂತು. ಕೂತು ನೋಡಿದರೆ ಒಬ್ಬೊಬ್ಬರು ಒಂದೊಂದನ್ನು ಎಣಿಸಿದ್ದಾರೆ. ಒರೆಗಾನ್, ಕ್ಯಾಲಿಫೋರ್ನಿಯ, ಯೂಟಾ ಮೂರಕ್ಕೂ ಹೋದವರು ಅರ್ಧ ದಾರಿವರೆಗೆ ಒಂದೇ ಜಾಡಿನಲ್ಲಿ ಹೋದರು. ಯಾರನ್ನು ಎಣಿಸಿದ್ದೀರಿ ಅನ್ನೋದರ ಮೇಲೆ ಸಂಖ್ಯೆ.

ಹೆಜ್ಜೆ 4: ಒಬ್ಬರ ಹಿಂದೆ ಬೀಳಿ

ನನ್ನನ್ನು ಕೇಳಿದರೆ ಇಡೀ ಪ್ರಾಜೆಕ್ಟಿನ ಜೀವ ಇರುವುದು ಇಲ್ಲಿ. ಸಾವಿರಾರು ಜನರ ಬಗ್ಗೆ ಓದುವುದಕ್ಕಿಂತ ಒಂದು ಮನೆಯವರ ಜೊತೆ ಪ್ರಯಾಣ ಮಾಡಿ.

ನಾವು ಆರಿಸಿಕೊಂಡದ್ದು ಅಮೇಲಿಯಾ ಸ್ಟೂವರ್ಟ್ ನೈಟ್ ಎಂಬ ಹೆಂಗಸನ್ನು. 1853ರ ಏಪ್ರಿಲ್ 9ರಂದು ಅಯೋವಾದಿಂದ ಗಂಡ, ಏಳು ಮಕ್ಕಳ ಜೊತೆ ಹೊರಟವರು. ಡೈರಿಯಲ್ಲಿ ದಿನಕ್ಕೆ ನಾಲ್ಕಾರು ಸಾಲು. ಮಳೆ, ಕೆಸರು, ಒದ್ದೆ ಬಟ್ಟೆ, ಮತ್ತೆ ಮಳೆ. ಆಗಸ್ಟಿನಲ್ಲಿ ಒಂದು ದಿನ ಮಗಳು ಲೂಸಿಯನ್ನು ಬಿಟ್ಟು ಗಾಡಿ ಹೊರಟೇಬಿಡುತ್ತದೆ! ಅವಳು ನದಿಯ ದಂಡೆಯ ಕೆಳಗೆ ಕೂತು ಬೇರೆ ಗಾಡಿಗಳು ದಾಟುವುದನ್ನು ನೋಡುತ್ತಿದ್ದಳು. ಕೆಲವು ಮೈಲಿ ಹೋಗಿ ನಿಂತಾಗಲೂ ಯಾರಿಗೂ ಗೊತ್ತಿಲ್ಲ. ಹಿಂದಿನಿಂದ ಬಂದ ಇನ್ನೊಂದು ಗುಂಪಿನ ಗಾಡಿಯಲ್ಲಿ ಲೂಸಿ ಬಂದಿಳಿಯುತ್ತಾಳೆ, ಹೆದರಿ ನಡುಗುತ್ತ. ಇದನ್ನು ಓದುವಾಗ ನನ್ನ ಮಗಳು ನನ್ನ ತೋಳು ಹಿಡಿದುಕೊಂಡಳು.

ಡೈರಿಯ ಕೊನೆಗೆ ಬಂದಾಗ ಇನ್ನೊಂದು ಆಶ್ಚರ್ಯ ಕಾದಿದೆ. ಸೆಪ್ಟೆಂಬರಿನಲ್ಲಿ, ದಾರಿ ಮುಗಿಯುವ ಹೊತ್ತಿಗೆ, ಎಂಟನೇ ಮಗು ಹುಟ್ಟಿತು ಅಂತ ಬರೆದಿದ್ದಾರೆ. ಅಲ್ಲಿವರೆಗೆ ಬಸುರಿ ಅನ್ನುವ ಮಾತೇ ಇಲ್ಲ. ಮೈ ಸರಿಯಿಲ್ಲ, ಸುಸ್ತು ಅಂತ ಅಲ್ಲಲ್ಲಿ ಇದೆ, ಅಷ್ಟೆ. ನಾವು ಮತ್ತೆ ಮೊದಲಿಂದ ಓದಿದೆವು. ಈಗ ಪ್ರತಿ ಸಾಲಿನ ಅರ್ಥವೂ ಬೇರೆಯಾಯಿತು. ಬರೆದವರು ಏನನ್ನು ಬಿಟ್ಟಿದ್ದಾರೆ ಅಂತ ನೋಡುವುದನ್ನು ಒಂಬತ್ತು ವರ್ಷದ ಮಗು ಹೀಗೆ ಕಲಿಯಿತು. ನಾನು ಪಾಠ ಮಾಡಿದ್ದರೆ ಆಗುತ್ತಿರಲಿಲ್ಲ.

ಎರಡನೆಯವಳು ಕ್ಯಾಥರೀನ್ ಸೇಗರ್. 1844ರಲ್ಲಿ ಅವಳಿಗೆ ಒಂಬತ್ತು ವರ್ಷ. ಓಡುವ ಗಾಡಿಯಿಂದ ಹಾರುವಾಗ ಲಂಗ ಸಿಕ್ಕಿಕೊಂಡು ಗಾಲಿ ಅವಳ ಕಾಲಿನ ಮೇಲೆ ಹರಿಯಿತು. ಅದೇ ದಾರಿಯಲ್ಲಿ ಅಪ್ಪ ತೀರಿಕೊಂಡರು, ಒಂದು ತಿಂಗಳೊಳಗೆ ಅಮ್ಮನೂ ಹೋದರು. ಏಳು ಮಕ್ಕಳನ್ನು ಜೊತೆಯವರೇ ಕರೆದುಕೊಂಡು ಹೋಗಿ ವಿಟ್‌ಮನ್ ಎಂಬ ಮಿಷನರಿ ದಂಪತಿಗೆ ಒಪ್ಪಿಸಿದರು. ಆದರೆ ಕ್ಯಾಥರೀನ್ ಇದನ್ನು ಬರೆದದ್ದು ದೊಡ್ಡವಳಾದ ಮೇಲೆ, ವರ್ಷಗಟ್ಟಲೆ ಕಳೆದ ಮೇಲೆ. ಅಮೇಲಿಯಾ ಬರೆದದ್ದು ಅವತ್ತವತ್ತೇ, ಗಾಡಿಯಲ್ಲಿ ಕೂತು. ನಿನ್ನ ಯುಕೆಜಿಯ ಮೊದಲ ದಿನ ಈಗ ಬರಿ, ನಿನ್ನೆಯ ದಿನವನ್ನೂ ಬರಿ ಅಂತ ಮಗಳಿಗೆ ಹೇಳಿದೆ. ವ್ಯತ್ಯಾಸ ಅವಳಿಗೇ ಗೊತ್ತಾಯಿತು.

ಹೆಜ್ಜೆ 5: ಪರದೆ ಮುಚ್ಚಿ, ನೆಲದ ಮೇಲೆ ಗಾಡಿ ಕಟ್ಟಿ

ಮನೆಯ ಹಾಲ್‌ನ ನೆಲದ ಮೇಲೆ ಟೇಪ್ ಅಂಟಿಸಿ 10 ಅಡಿ ಉದ್ದ, 4 ಅಡಿ ಅಗಲದ ಆಯತ ಮಾಡಿ. ಗಾಡಿಯ ಒಳಗೆ ಇದ್ದ ಜಾಗ ಸುಮಾರು ಇಷ್ಟೇ. ಭಾರ ಹೆಚ್ಚೆಂದರೆ 2,000ದಿಂದ 2,500 ಪೌಂಡ್.

ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ 1845ರಲ್ಲಿ ವಲಸಿಗರಿಗೊಂದು ಕೈಪಿಡಿ ಬರೆದ. ಅವನ ಪಟ್ಟಿ ಒಬ್ಬರಿಗೆ ಹೀಗಿದೆ: ಹಿಟ್ಟು 200 ಪೌಂಡ್, ಉಪ್ಪು ಹಾಕಿದ ಹಂದಿ ಮಾಂಸ 150, ಕಾಫಿ 10, ಸಕ್ಕರೆ 20, ಉಪ್ಪು 10. ಕೂಡಿದರೆ 390. ನಾಲ್ಕು ಜನಕ್ಕೆ 1,560. ಮಗಳಿಗೆ ಅಂದಾಜು ಸಿಗಲಿ ಅಂತ ಇಂಡಿಯನ್ ಅಂಗಡಿಯ 20 ಪೌಂಡಿನ ಸೋನಾ ಮಸೂರಿ ಚೀಲ ತಂದು ಮಧ್ಯಕ್ಕೆ ಇಟ್ಟೆ. ಒಬ್ಬರ ಹಿಟ್ಟಿಗೇ ಇಂಥ ಹತ್ತು ಚೀಲ! ನಾಲ್ಕು ಜನಕ್ಕೆ ನಲವತ್ತು. ಉಳಿದ ಜಾಗದಲ್ಲಿ ಹಾಸಿಗೆ, ಪಾತ್ರೆ, ನೇಗಿಲು, ಬಂದೂಕು. ಅವಳು ತನ್ನ ಕೀಬೋರ್ಡ್ ತಂದಿಟ್ಟಳು, ಸ್ವಲ್ಪ ಹೊತ್ತು ನೋಡಿದಳು, ವಾಪಸ್ ತೆಗೆದುಕೊಂಡು ಹೋದಳು. 'ಹಾಗಾದ್ರೆ ನಾವು ಎಲ್ಲಿ ಕೂತ್ಕೊಳ್ಳೋದು?' ಕೂರುವುದಿಲ್ಲ. ಹೆಚ್ಚಿನವರು ಇಡೀ ದಾರಿ ನಡೆದೇ ಹೋದರು.

ಅವತ್ತು ವಿಡಿಯೋ ಕಾಲ್‌ನಲ್ಲಿ ನಮ್ಮಪ್ಪ ಇದನ್ನೆಲ್ಲ ನೋಡುತ್ತಿದ್ದರು. 'ಪುಟ್ಟೀ, ಗಾಡಿಗೆ ಕೀಲೆಣ್ಣೆ ಏನು ಹಾಕ್ತಿದ್ರಂತೆ ಕೇಳು' ಅಂದರು. ನಮಗೆ ಹೊಳೆದೇ ಇರದ ಪ್ರಶ್ನೆ. ಹುಡುಕಿದರೆ ಸಿಕ್ಕಿತು: ಡಾಂಬರಿನಂಥ ಮರದ ಅಂಟು ಮತ್ತು ಪ್ರಾಣಿ ಕೊಬ್ಬು ಕಲಸಿ, ಒಂದು ಸಣ್ಣ ಬಕೆಟ್ಟಿನಲ್ಲಿ ಹಿಂದಿನ ಅಚ್ಚಿನ ಕೆಳಗೆ ನೇತುಹಾಕುತ್ತಿದ್ದರು. ಒಣ ಹವೆಗೆ ಗಾಲಿಯ ಮರ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾಗುತ್ತಿತ್ತು, ರಾತ್ರಿ ನದಿಯಲ್ಲಿ ನೆನೆಹಾಕುತ್ತಿದ್ದರು ಅಂತಲೂ ಸಿಕ್ಕಿತು. 'ನಾವೂ ಕೆರೇಲಿ ಹಂಗೇ ಮಾಡ್ತಿದ್ವಿ' ಅಂದರು ಅಪ್ಪ, ಇದೇನು ಮಹಾ ಅನ್ನುವ ಹಾಗೆ. ಊರಲ್ಲಿ ಗಾಡಿ ಹೂಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ಒಂದು ಸಲ ಕೂರಿಸಿಕೊಳ್ಳಿ. ಅವರು ಕೇಳುವ ಪ್ರಶ್ನೆ ಟೀಚರ್‌ಗೂ ಹೊಳೆಯಲ್ಲ.

ಹೇಸ್ಟಿಂಗ್ಸ್ ವಿಷಯ ಇನ್ನೂ ಇದೆ. ಅವನ ಪಟ್ಟಿಯನ್ನು ಇವತ್ತಿಗೂ ಎಷ್ಟೋ ಸೈಟುಗಳು ಹಾಕುತ್ತವೆ. ಅದೇ ಪುಸ್ತಕದಲ್ಲಿ ಅವನು ಕ್ಯಾಲಿಫೋರ್ನಿಯಾಕ್ಕೆ ಒಂದು ಒಳದಾರಿಯನ್ನೂ ಹೇಳಿದ್ದ. ಬರೆಯುವಾಗ ಆ ದಾರಿಯಲ್ಲಿ ಅವನು ಹೋಗಿಯೇ ಇರಲಿಲ್ಲ! 1846ರಲ್ಲಿ ಅದನ್ನು ನಂಬಿ ಹೋದ 87 ಜನರ ಡಾನರ್ ಗುಂಪು ಸಿಯೆರಾ ನೆವಾಡ ಬೆಟ್ಟದ ಹಿಮದಲ್ಲಿ ಸಿಕ್ಕಿಬಿತ್ತು. ಹತ್ತಿರ ಹತ್ತಿರ ಅರ್ಧ ಜನ ಸತ್ತರು. ಬದುಕಿ ಬಂದ ವರ್ಜೀನಿಯ ರೀಡ್ ಎಂಬ ಹುಡುಗಿ ಊರಿಗೆ ಬರೆದ ಪತ್ರದಲ್ಲಿ, ಒಳದಾರಿ ಹಿಡಿಯಬೇಡಿ, ಆದಷ್ಟು ಬೇಗ ಬನ್ನಿ ಅಂತ ಹೇಳಿದ್ದಾಳೆ. ನೋಟ್‌ಬುಕ್ಕಿನ ನಾಲ್ಕನೇ ಕಾಲಂನಲ್ಲಿ ಹೇಸ್ಟಿಂಗ್ಸ್ ಎದುರು ಮಗಳು ಕೆಂಪು ಪೆನ್ನಿನಲ್ಲಿ 'ಇಲ್ಲ!!' ಅಂತ ಬರೆದಳು. ಒಂದು ಮಾತು: ಡಾನರ್ ಕಥೆಯಲ್ಲಿ ಹಸಿವಿಗೆ ಸತ್ತವರ ದೇಹ ತಿಂದ ವಿಷಯ ಬರುತ್ತದೆ. ಪುಟಗಳನ್ನು ಮೊದಲು ನೀವು ಓದಿ, ಎಷ್ಟು ಹೇಳಬೇಕು ನೀವೇ ನಿರ್ಧರಿಸಿ.

ಇನ್ನೊಂದು ಆಟ, ಇದು ಹೊರಗೆ. 1847ರಲ್ಲಿ ಯೂಟಾ ಕಡೆ ಹೊರಟ ಮೊದಲ ಮಾರ್ಮನ್ (ಇದೊಂದು ಧಾರ್ಮಿಕ ಪಂಗಡ) ಗುಂಪಿನಲ್ಲಿ ವಿಲಿಯಂ ಕ್ಲೇಟನ್ ಎಂಬಾತನಿದ್ದ. ದಿನಕ್ಕೆ ಎಷ್ಟು ಮೈಲಿ ಬಂದೆವು ಅನ್ನೋದಕ್ಕೆ ಎಲ್ಲರೂ ಬಾಯಿಗೆ ಬಂದ ಲೆಕ್ಕ ಹೇಳುತ್ತಿದ್ದರು. ಅವನು ಒಂದು ಗಾಲಿಗೆ ಕೆಂಪು ಬಟ್ಟೆ ಕಟ್ಟಿದ. ಗಾಲಿಯ ಸುತ್ತಳತೆ 14 ಅಡಿ 8 ಅಂಗುಲ, ಹಾಗಾಗಿ 360 ಸುತ್ತಿಗೆ ಸರಿಯಾಗಿ ಒಂದು ಮೈಲಿ. ಮೇ 8ರಂದು ಇಡೀ ದಿನ ಪಕ್ಕದಲ್ಲಿ ನಡೆದು 4,070 ಸುತ್ತು ಎಣಿಸಿದ. ಹನ್ನೊಂದೂ ಕಾಲು ಮೈಲಿಗಿಂತ ಚೂರು ಜಾಸ್ತಿ. ಜೊತೆಯವರು ಹದಿಮೂರು, ಹದಿನಾಲ್ಕು ಅಂದುಕೊಂಡಿದ್ದರು. ಆಮೇಲೆ ಮರದ ಹಲ್ಲುಗಾಲಿ ಜೋಡಿಸಿ ತಾನೇ ಎಣಿಸುವ ಸಾಧನವನ್ನೂ ಆ ಗುಂಪು ಮಾಡಿಕೊಂಡಿತು. ಮಗುವಿನ 20 ಇಂಚಿನ ಸೈಕಲ್ ಗಾಲಿಗೆ ರಿಬ್ಬನ್ ಕಟ್ಟಿ ಇದನ್ನೇ ಮಾಡಿ. ಮೈಲಿಗೆ ಸುಮಾರು ಸಾವಿರ ಸುತ್ತು ಬರುತ್ತದೆ. ನಮ್ಮದು 412ಕ್ಕೆ ಎಣಿಕೆ ತಪ್ಪಿತು, ನಾಯಿ ಅಡ್ಡ ಬಂತು.

ಹೆಜ್ಜೆ 6: ಡೈರಿಯಲ್ಲಿನ 'ಇಂಡಿಯನ್ಸ್' ಯಾರು

ಅಮೇಲಿಯಾ ಡೈರಿ ಓದುವಾಗ ಮಗಳು ತಲೆಯೆತ್ತಿ ಕೇಳಿದಳು: 'ಇಂಡಿಯನ್ಸ್? ನಮ್ಮ ಹಾಗಾ?' ನಗು ಬಂತು. ಡೈರಿ ಬರೆದವರು ಹಾಗೆ ಕರೆದದ್ದು ಅಮೆರಿಕದ ಮೂಲನಿವಾಸಿಗಳನ್ನು. ಆದರೆ ನಮ್ಮ ಮನೆಯ ಮಕ್ಕಳಿಗೆ ಈ ಪ್ರಶ್ನೆ ಬರುವುದೇ ಒಂದು ಅನುಕೂಲ. ಬೇರೆ ಮಕ್ಕಳು ಆ ಪದವನ್ನು ದಾಟಿ ಮುಂದೆ ಹೋಗುತ್ತಾರೆ, ನಮ್ಮವರು ನಿಲ್ಲುತ್ತಾರೆ.

ನಮ್ಮ ನೋಟ್‌ಬುಕ್ಕಿನಲ್ಲಿ ಆ ಪದ ಬಂದಲ್ಲೆಲ್ಲ ಯಾವ ಜನ ಅಂತ ಹುಡುಕಿ ಹೆಸರು ಬರೆದೆವು. ಪ್ಲ್ಯಾಟ್ ನದಿಯ ಕಡೆ ಪಾನೀ, ಲಕೋಟ, ಶಯಾನ್. ಮುಂದೆ ಶೊಶೋನಿ. ಒರೆಗಾನ್ ಹತ್ತಿರ ಕೇಯೂಸ್, ಯುಮಟಿಲ, ನೆಜ್ ಪರ್ಸ್. ನಕ್ಷೆಯಲ್ಲಿ ಹೆಸರುಗಳನ್ನು ಹಾಕಿದ ಮೇಲೆ ಖಾಲಿ ಜಾಗ ಉಳಿಯಲೇ ಇಲ್ಲ.

ಸಿನಿಮಾದಲ್ಲಿ ತೋರಿಸುವ ಹಾಗೆ ದಿನಾ ದಾಳಿ, ಬಾಣ ಇರಲಿಲ್ಲ. ಇತಿಹಾಸಕಾರ ಜಾನ್ ಅನ್ರು ಲೆಕ್ಕ ಹಾಕಿದ ಪ್ರಕಾರ 1840ರಿಂದ 1860ರವರೆಗೆ ಮೂಲನಿವಾಸಿಗಳ ಕೈಯಲ್ಲಿ ಸತ್ತ ವಲಸಿಗರು 362. ವಲಸಿಗರ ಕೈಯಲ್ಲಿ ಸತ್ತ ಮೂಲನಿವಾಸಿಗಳು 426. ವಲಸಿಗರನ್ನು ಹೆಚ್ಚು ಕೊಂದದ್ದು ಕಾಲರಾ. ನದಿಯಲ್ಲಿ ಮುಳುಗಿ, ತಮ್ಮದೇ ಬಂದೂಕು ಸಿಡಿದು, ಗಾಲಿಗೆ ಸಿಕ್ಕಿ ಸತ್ತವರೂ ಇದ್ದಾರೆ. ಎಷ್ಟೋ ಕಡೆ ನದಿ ದಾಟಿಸಿದವರು, ಮೀನು ಮಾರಿದವರು, ದಾರಿ ತೋರಿಸಿದವರು ಅಲ್ಲಿನ ಜನರೇ.

ಗಾಡಿಗಳ ಜೊತೆ ಕಾಯಿಲೆಯೂ ಬಂತು. 1847ರಲ್ಲಿ ದಡಾರಕ್ಕೆ ಕೇಯೂಸ್ ಜನ ತುಂಬಾ ಸತ್ತರು. ವಿಟ್‌ಮನ್ ವೈದ್ಯ ತಮಗೆ ವಿಷ ಹಾಕುತ್ತಿದ್ದಾನೆ ಅಂತ ಅವರಲ್ಲಿ ಕೆಲವರಿಗೆ ಅನುಮಾನ. ನವೆಂಬರ್‌ನಲ್ಲಿ ಆ ದಂಪತಿಯನ್ನೂ ಇನ್ನೂ ಹನ್ನೊಂದು ಜನರನ್ನೂ ಕೊಂದರು. ಸತ್ತವರಲ್ಲಿ ಕ್ಯಾಥರೀನ್ ಸೇಗರ್‌ಳ ಇಬ್ಬರು ಅಣ್ಣಂದಿರಿದ್ದರು. 1850ರಲ್ಲಿ ಒರೆಗಾನ್ ಸಿಟಿಯಲ್ಲಿ ಐವರು ಕೇಯೂಸರನ್ನು ಗಲ್ಲಿಗೇರಿಸಿದರು. ದಾರಿ ಮುಗಿಯುವ ಅದೇ ಊರಲ್ಲಿ. ಚಿಕ್ಕ ಮಕ್ಕಳಿಗೆ ಇದು ಭಾರ, ನಾನು ಅರ್ಧ ಮಾತ್ರ ಹೇಳಿದೆ.

ಈ ಭಾಗಕ್ಕೆ ಡೈರಿಗಳನ್ನು ನಂಬಿ ಕೂರಬೇಡಿ. ಒರೆಗಾನ್‌ನ ಪೆಂಡಲ್ಟನ್ ಹತ್ತಿರ ಯುಮಟಿಲ ಬುಡಕಟ್ಟುಗಳ ಒಕ್ಕೂಟದವರೇ ನಡೆಸುವ ತಮಾಸ್ಲಿಕ್ಟ್ ಮ್ಯೂಸಿಯಂ ಇದೆ. ಅವರು ತಮ್ಮ ಕಡೆಯಿಂದ ಹೇಳುತ್ತಾರೆ. 2017ರ ಕಾನೂನಿನ ನಂತರ ಒರೆಗಾನ್‌ನ ಶಾಲೆಗಳಿಗೆ ಬುಡಕಟ್ಟುಗಳ ಚರಿತ್ರೆಯ ಪಾಠಗಳೂ ತಯಾರಾಗಿವೆ. ರಾಜ್ಯದ ಶಿಕ್ಷಣ ಇಲಾಖೆಯ ಸೈಟಿನಲ್ಲಿ ನೋಡಿ.

ಬಿಳಿಯರಲ್ಲದವರೂ ಗಾಡಿ ಹೂಡಿದ್ದರು. ಜಾರ್ಜ್ ಬುಷ್ ಎಂಬ ಕಪ್ಪು ರೈತ 1844ರಲ್ಲಿ ಹೊರಟು ಬಂದ. ಕಪ್ಪು ಜನ ಒರೆಗಾನ್‌ನಲ್ಲಿ ನೆಲೆಸಬಾರದು ಅಂತ ಆ ವರ್ಷವೇ ಕಾನೂನು ಆಗಿತ್ತು. ಅವನ ಗುಂಪು ಕೊಲಂಬಿಯ ನದಿಯ ಉತ್ತರಕ್ಕೆ, ಈಗಿನ ವಾಷಿಂಗ್ಟನ್ ರಾಜ್ಯದ ಕಡೆ ಹೋಗಿ ನೆಲೆಸಿತು.

ಹೆಜ್ಜೆ 7: ನಕ್ಷೆ, ಫೋಟೋ, ಆಟ

ಗೂಗಲ್ ಅರ್ತ್‌ನಲ್ಲಿ ಎಂಟು ಹತ್ತು ಪಿನ್ ಹಾಕಿಸಿ: ಇಂಡಿಪೆಂಡೆನ್ಸ್, ಚಿಮ್ನಿ ರಾಕ್, ಫೋರ್ಟ್ ಲಾರಮಿ, ಇಂಡಿಪೆಂಡೆನ್ಸ್ ರಾಕ್, ಸೌತ್ ಪಾಸ್, ಫೋರ್ಟ್ ಹಾಲ್, ದ ಡ್ಯಾಲ್ಸ್, ಒರೆಗಾನ್ ಸಿಟಿ. ವ್ಯೋಮಿಂಗ್‌ನ ಗರ್ನ್‌ಸಿಯಲ್ಲಿ ಮರಳುಗಲ್ಲಿನ ಮೇಲೆ ಗಾಡಿ ಜಾಡು ಇನ್ನೂ ಇದೆ, ಕೆಲವು ಕಡೆ ಐದು ಅಡಿ ಆಳ. ಸೌತ್ ಪಾಸ್‌ನಲ್ಲಿ ಮಕ್ಕಳಿಗೆ ನಿರಾಸೆಯಾಗುತ್ತದೆ. ಖಂಡವನ್ನೇ ಎರಡು ಭಾಗ ಮಾಡುವ ಬೆಟ್ಟಸಾಲು ಅಂದರೆ ದೊಡ್ಡ ಕಣಿವೆ ಅಂದುಕೊಂಡಿರುತ್ತಾರೆ. ಅಲ್ಲಿರುವುದು ಅಗಲವಾದ ಬೋಳು ಬಯಲು. 7,400 ಅಡಿ ಎತ್ತರ, ಏರಿದ್ದೇ ಗೊತ್ತಾಗುವುದಿಲ್ಲ. ಹಾಗೆ ಇದ್ದದ್ದರಿಂದಲೇ ಗಾಡಿಗಳು ದಾಟಲು ಆಯಿತು.

ಫೋಟೋ ವಿಷಯದಲ್ಲಿ ಯಾರನ್ನೂ ನಂಬಬೇಡಿ. 1840ರ ದಶಕದ ಗಾಡಿ ಸಾಲು ಅಂತ ಬರುವ ಎಷ್ಟೋ ಚಿತ್ರಗಳು ಆಮೇಲಿನ ಕಾಲದವು, ಇಲ್ಲವೇ ಈಗಿನವರು ವೇಷ ಹಾಕಿ ತೆಗೆದವು. ನಮ್ಮ ಮೊದಲ ಸ್ಲೈಡಿನ ಫೋಟೋ ಕೂಡ ಅಂಥದ್ದೇ ಆಗಿತ್ತು. ಒಂದು ಸುಳಿವು: ಎತ್ತು ಹೂಡಿದ ಗಾಡಿಯ ಮುಂದೆ ಯಾರಾದರೂ ಹಗ್ಗ ಹಿಡಿದು ಕೂತಿದ್ದರೆ ಅನುಮಾನ ಪಡಿ. ಅಲ್ಲಿನವರು ಎತ್ತಿಗೆ ಮೂಗುದಾರ ಹಾಕುತ್ತಿರಲಿಲ್ಲ, ಎಡಗಡೆ ನಡೆಯುತ್ತ ಬಾಯಲ್ಲಿ ಕೂಗಿ, ಚಾಟಿ ಆಡಿಸಿ ಹೊಡೆಯುತ್ತಿದ್ದರು. ಜಾನ್ ಗ್ಯಾಸ್ಟ್ 1872ರಲ್ಲಿ ಬರೆದ ಚಿತ್ರವನ್ನೂ ತೋರಿಸಿ. ಬಿಳಿ ಬಟ್ಟೆಯ ಹೆಂಗಸೊಬ್ಬಳು ಟೆಲಿಗ್ರಾಫ್ ತಂತಿ ಎಳೆಯುತ್ತ ಗಾಳಿಯಲ್ಲಿ ತೇಲಿ ಬರುತ್ತಾಳೆ. ಯಾರು ಬೆಳಕಿನಲ್ಲಿದ್ದಾರೆ, ಯಾರು ಕತ್ತಲಿಗೆ ಓಡುತ್ತಿದ್ದಾರೆ ಅಂತ ಕೇಳಿ, ಸುಮ್ನೆ ಕೂತುಬಿಡಿ. ಮಗುವೇ ಹೇಳುತ್ತದೆ.

ಆಟವನ್ನು ಕೊನೆಗೆ ಇಟ್ಟುಕೊಳ್ಳಿ. 1971ರಲ್ಲಿ ಮಿನೆಸೋಟದ ಮೂವರು ಯುವಕರು ಕ್ಲಾಸಿಗಾಗಿ ಮಾಡಿದ ಒರೆಗಾನ್ ಟ್ರೇಲ್ ಕಂಪ್ಯೂಟರ್ ಆಟದ 1990ರ ಆವೃತ್ತಿ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಮೊದಲೇ ಕೊಟ್ಟರೆ ಬೇಟೆಯಾಡುತ್ತ ಕೂರುತ್ತಾರೆ. ಇಷ್ಟೆಲ್ಲ ಓದಿದ ಮೇಲೆ ಕೊಟ್ಟರೆ ಆಟದಲ್ಲಿ ಏನು ತಪ್ಪಿದೆ ಅಂತ ಪಟ್ಟಿ ಮಾಡುತ್ತಾರೆ.

ಹೆಜ್ಜೆ 8: ಐದು ನಿಮಿಷದ ಮಾತು

ಆರು ಸ್ಲೈಡ್ ಸಾಕು: ಪ್ರಶ್ನೆ, ನಕ್ಷೆ, ಅಮೇಲಿಯಾ, ಗಾಡಿಯ ಲೆಕ್ಕ, ಆ ನೆಲದ ಜನರ ಹೆಸರುಗಳು, ಉತ್ತರ. ಸ್ಲೈಡಿನಲ್ಲಿ ಸಾಲುಗಟ್ಟಲೆ ಬರೆಯಲು ಬಿಡಬೇಡಿ. ನೋಟ್‌ಬುಕ್ ಕೈಯಲ್ಲೇ ಇರಲಿ. ಟೀಚರ್ 'ನಿನಗೆ ಹೇಗೆ ಗೊತ್ತು' ಅಂದರೆ ತೆರೆದು ತೋರಿಸಬೇಕಲ್ಲ. ಮಗಳು ಕೆಂಪು ಬಟ್ಟೆ ಕಟ್ಟಿದ ಸೈಕಲ್ ಗಾಲಿ ತೆಗೆದುಕೊಂಡು ಹೋಗುತ್ತೇನೆ ಅಂತ ಹಟ ಹಿಡಿದಳು. ಸ್ಕೂಲ್ ಬಸ್ಸಿನಲ್ಲಿ ಬಿಡಲಿಲ್ಲ, ಕಾರಿನಲ್ಲಿ ಬಿಟ್ಟು ಬಂದೆ.

ಪೋರ್ಟ್‌ಲ್ಯಾಂಡ್ ಕಡೆ ಇರುವವರು ಒಂದು ಭಾನುವಾರ ಮೌಂಟ್ ಹುಡ್ ದಾರಿಯಲ್ಲಿ, ಹೈವೇ 26ರ ಪಕ್ಕ, ಲಾರೆಲ್ ಹಿಲ್‌ನಲ್ಲಿ ಇಳಿಯಿರಿ. 1846ರಲ್ಲಿ ತೆರೆದ ಬಾರ್ಲೋ ರಸ್ತೆಯ ಇಳಿಜಾರು ಅಲ್ಲಿದೆ. ಗಾಡಿಗೆ ಹಗ್ಗ ಕಟ್ಟಿ, ಮರಕ್ಕೆ ಸುತ್ತಿ, ನಿಧಾನವಾಗಿ ಕೆಳಗೆ ಬಿಡುತ್ತಿದ್ದದ್ದು ಅಲ್ಲೇ. ಒಳ್ಳೆ ಶೂ ಹಾಕಿಕೊಂಡು ಹೋಗಿ, ಕಲ್ಲು ಜಾರುತ್ತದೆ.